ಕಾರ್ಡಿನ ವಟ್ಟವೂ ಅದನ್ನು ತೆರುವವರೂ

ಒಂದು ನಾಣ್ಯವನ್ನು ಇನ್ನೊಂದಕ್ಕೆ ಬದಲಾಯಿಸಿ ಕೊಡುವಾಗ ಸರಾಫನು ಮುರಿದುಕೊಳ್ಳುತ್ತಿದ್ದ ಅಂಶವನ್ನು ನಮ್ಮ ಹಿರಿಯರು ವಟ್ಟವೆಂದು ಕರೆಯುತ್ತಿದ್ದರು. ತಾನು ಕಳೆದುಕೊಂಡುದು ಎಷ್ಟೆಂಬುದು ತೆತ್ತವನಿಗೆ ತಿಳಿದಿರುತ್ತಿದ್ದಿತು. ಇಂದು ಬ್ಯಾಂಕಿನ ಕಾರ್ಡಿನಿಂದ ಹಣವನ್ನು ಸಲ್ಲಿಸುವಾಗಲೂ ಇಂಥದೇ ಒಂದು ವಟ್ಟವುಂಟು; ಆದರೆ ಅದು ಕೊಳ್ಳುವವನ ಕಣ್ಣಿಗೆ ಬೀಳದು. ವರ್ತಕನ ಬ್ಯಾಂಕು ಕಾರ್ಡನ್ನು ಕೊಟ್ಟ ಬ್ಯಾಂಕಿಗೆ ಪ್ರತಿಯೊಂದು ವ್ಯಾಪಾರದಲ್ಲಿಯೂ ಬಿಟ್ಟುಕೊಡುವ ಈ ಅಂಶಕ್ಕೆ ಇಂಟರ್‌ಚೇಂಜ್ ಎಂದು ಹೆಸರು. ಇದರ ಭಾರವು ಕಡೆಗೆ ಯಾರ ಮೇಲೆ ಬೀಳುತ್ತದೆಂಬುದನ್ನು ಅದರ ಚರಿತ್ರೆಯ ಮೂಲಕ ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

೧೯೫೮ರಲ್ಲಿ ಬ್ಯಾಂಕ್ ಆಫ್ ಅಮೆರಿಕವು ಕ್ಯಾಲಿಫೋರ್ನಿಯದ ಫ್ರೆಸ್ನೋ ಪಟ್ಟಣದಲ್ಲಿ ತನ್ನ ಕಾರ್ಡನ್ನು ಮೊದಲು ಹಂಚಿದಾಗ, ಕೊಳ್ಳುವವನಿಗೂ ಮಾರುವವನಿಗೂ ಬ್ಯಾಂಕು ಒಂದೇ ಆಗಿದ್ದುದರಿಂದ ಪಾಲಿನ ಪ್ರಶ್ನೆಯೇ ಏಳಲಿಲ್ಲ. ೧೯೬೬ರಿಂದ ಇತರ ಬ್ಯಾಂಕುಗಳಿಗೂ ಆ ಹಕ್ಕು ದೊರೆಯಲು, ಒಂದೇ ವ್ಯಾಪಾರದಲ್ಲಿ ಎರಡು ಬ್ಯಾಂಕುಗಳು ಭಾಗಿಗಳಾದವು. ೧೯೭೧ರಲ್ಲಿ ಅವುಗಳಿಗೆಲ್ಲ ಸಮಾನವಾದ ದರವು ಗೊತ್ತಾಯಿತು. ಮುಂದೆ ವೀಸಾ ಎಂಬ ಹೆಸರನ್ನು ತಾಳಿದ ಈ ಕೂಟದ ಮೇಲೆ, ಬೆಲೆಯನ್ನು ಹೀಗೆ ಒಟ್ಟಾಗಿ ಕಟ್ಟುವುದು ಅಕ್ರಮವೆಂದು ನಬ್ಯಾಂಕೋ ಎಂಬ ಸಂಸ್ಥೆಯು ೧೯೭೯ರಲ್ಲಿ ವ್ಯಾಜ್ಯವನ್ನು ಹೂಡಿತು. ನ್ಯಾಯಸ್ಥಾನವು ೧೯೮೪ರಲ್ಲಿ ಈ ವಾದವನ್ನು ತಳ್ಳಿಹಾಕಿತು. ೧೯೮೬ರಲ್ಲಿ ಮೇಲಿನ ನ್ಯಾಯಸ್ಥಾನವು ಆ ತೀರ್ಪನ್ನೇ ಎತ್ತಿಹಿಡಿಯಿತು. ಅಸಂಖ್ಯಾತ ಬ್ಯಾಂಕುಗಳು ತಮ್ಮ ತಮ್ಮಲ್ಲಿ ಬೇರೆ ಬೇರೆ ಒಪ್ಪಂದ ಮಾಡಿಕೊಳ್ಳುವುದು ದುಸ್ಸಾಧ್ಯವಾದುದರಿಂದ ಸಾಮಾನ್ಯವಾದ ದರವೊಂದು ಅವಶ್ಯಕವೆಂಬುದು ಇದರ ತಾತ್ಪರ್ಯ.

ಈ ಯುಕ್ತಿಯು ಸಮಂಜಸವೇ. ಆದರೆ ಸಾಮಾನ್ಯ ದರವು ಬೇಕೆಂದ ಮಾತ್ರಕ್ಕೆ ಅದು ಎಷ್ಟಿರಬೇಕೆಂಬುದು ಸಿದ್ಧವಾಗದು. ವಟ್ಟವು ಹೆಚ್ಚಿದಷ್ಟೂ ಕಾರ್ಡು ಕೊಡುವ ಬ್ಯಾಂಕಿಗೆ ಲಾಭ. ಅದರಲ್ಲೊಂದು ಭಾಗವನ್ನು ಅದು ಬಹುಮಾನದ ರೂಪದಲ್ಲಿ ಕಾರ್ಡುದಾರನಿಗೆ ಹಿಂದಿರುಗಿಸಿ ಅವನನ್ನು ಒಲಿಸಿಕೊಳ್ಳುತ್ತದೆ. ವರ್ತಕನಾದರೋ ಗಿರಾಕಿಯನ್ನು ಕಳೆದುಕೊಳ್ಳಲಾರದೆ ಆ ವೆಚ್ಚವನ್ನು ಸರಕಿನ ಬೆಲೆಯಲ್ಲಿಯೇ ಸೇರಿಸುತ್ತಾನೆ. ಹೀಗೆ ನಗದಾಗಿ ಕೊಳ್ಳುವ ಬಡವನೂ ಅನ್ಯರ ಬಹುಮಾನಕ್ಕೆ ತನ್ನ ಪಾಲನ್ನು ತೆರಬೇಕಾಗುತ್ತದೆ.

ಸರ್ಕಾರಗಳು ಇದರಲ್ಲಿ ಪ್ರವೇಶಿಸಿದುದು ಈ ಕಾರಣದಿಂದಲೇ. ಆಸ್ಟ್ರೇಲಿಯದ ರಿಸರ್ವ್ ಬ್ಯಾಂಕು ೨೦೦೩ರಲ್ಲಿ ಕ್ರೆಡಿಟ್ ಕಾರ್ಡಿನ ದರವನ್ನು ಶೇಕಡ ಸುಮಾರು ೦.೯೫ರಿಂದ ಸುಮಾರು ೦.೫೫ಕ್ಕೆ ಇಳಿಸಿ, ಕಾರ್ಡುದಾರನಿಂದ ಪ್ರತ್ಯೇಕವಾಗಿ ಶುಲ್ಕ ಪಡೆಯುವ ಸ್ವಾತಂತ್ರ್ಯವನ್ನೂ ವರ್ತಕನಿಗೆ ಕೊಟ್ಟಿತು. ಯೂರೋಪ್ ಒಕ್ಕೂಟವು ೨೦೧೫ರ ಶಾಸನದಿಂದ ಸಾಮಾನ್ಯ ಗ್ರಾಹಕರ ಡೆಬಿಟ್ ಕಾರ್ಡಿಗೆ ಶೇಕಡ ೦.೨, ಕ್ರೆಡಿಟ್ ಕಾರ್ಡಿಗೆ ಶೇಕಡ ೦.೩ ಎಂದು ಮಿತಿಯನ್ನು ವಿಧಿಸಿತು. ಆಸ್ಟ್ರೇಲಿಯದಲ್ಲಿ ಇದರ ಫಲವಾಗಿ ಕಾರ್ಡುದಾರರ ಬಹುಮಾನಗಳು ಕುಗ್ಗಿದವು, ವಾರ್ಷಿಕ ಶುಲ್ಕಗಳು ಏರಿದವು. ಎಂದರೆ ಭಾರವು ಕಾರ್ಡನ್ನು ಬಳಸುವವನ ಕಡೆಗೆ ಸರಿಯಿತು. ಭಾರತವು ಇನ್ನೂ ಮುಂದೆ ಹೋಗಿ, ೨೦೨೦ರ ಜನವರಿ ೧ರಿಂದ ರುಪೇ ಡೆಬಿಟ್ ಕಾರ್ಡಿನ ಮೇಲೆ ವರ್ತಕರಿಂದ ಶುಲ್ಕ ಪಡೆಯುವುದನ್ನೇ ನಿಲ್ಲಿಸಿತು. ಆದರೂ ವೆಚ್ಚವು ಇಲ್ಲವಾಗಲಿಲ್ಲ: ರುಪೇ ಡೆಬಿಟ್ ಕಾರ್ಡು ಹಾಗೂ ಅಲ್ಪಮೊತ್ತದ ಯು.ಪಿ.ಐ. ಪಾವತಿಗಳನ್ನು ಪ್ರೋತ್ಸಾಹಿಸಲು ೨೦೨೧ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ೧,೩೦೦ ಕೋಟಿ ರೂಪಾಯಿಗಳ ಯೋಜನೆಯನ್ನು ಮಂಜೂರು ಮಾಡಬೇಕಾಯಿತು.

ಆದಕಾರಣ ದರವನ್ನು ಇಳಿಸಿದ ಮಾತ್ರಕ್ಕೆ ನ್ಯಾಯವು ದೊರೆಯಿತೆಂದು ಭಾವಿಸಲಾಗದು. ವರ್ತಕನು ಬಿಟ್ಟ ಭಾರವನ್ನು ಕಾರ್ಡುದಾರನೋ ತೆರಿಗೆ ಕೊಡುವವನೋ ಹೊರುತ್ತಾನೆ. ಸರಾಫನ ಮುಂದೆ ನಿಂತವನಿಗೆ ತನ್ನ ವಟ್ಟದ ಲೆಕ್ಕವು ತಿಳಿದಿದ್ದಂತೆ, ಇಂದು ತೆರುವವನಿಗೂ ಅದು ತಿಳಿಯುವಂತಿರುವುದು ಯುಕ್ತವೆಂದು ತೋರುತ್ತದೆ.