ನಂದಿಯ ತಪ್ಪಲಿಗೆ ಬಂದ ಫ್ರೆಂಚ್ ಬಳ್ಳಿ

ದೊಡ್ಡಬಳ್ಳಾಪುರ ಸೀಮೆಗೆ ದ್ರಾಕ್ಷಿ ಹೊಸದೇನಲ್ಲ. ‘ಬೆಂಗಳೂರು ನೀಲಿ’ ಅಲ್ಲಿನ ರೈತರ ಹಳೆಯ ಬೆಳೆ. ಆದರೆ ಕನ್ವಲ್ ಗ್ರೋವರ್ ಅವರಿಗೆ ಬೇಕಿದ್ದದ್ದು ವೈನಿಗೆ ಒದಗುವ ಫ್ರೆಂಚ್ ತಳಿಗಳು.

ವ್ಯವಹಾರದ ನಿಮಿತ್ತ ಫ್ರಾನ್ಸಿಗೆ ಹೋಗಿಬರುತ್ತಿದ್ದ ಈ ಉದ್ಯಮಿಗೆ ಅಲ್ಲಿನ ವೈನಿನ ರುಚಿ ಹತ್ತಿತ್ತು. ಅದನ್ನು ಇಲ್ಲೇ ತಯಾರಿಸುವ ಅವರ ಹಠಕ್ಕೆ ಶಾಂಪೇನ್ ಪ್ರಾಂತ್ಯದ ತಜ್ಞ ಜಾರ್ಜ್ ವೆಸೆಲ್ ಜೊತೆಯಾದರು. ಹತ್ತಾರು ತಳಿಗಳನ್ನು ನೆಟ್ಟು ನೋಡಿದ ಮೇಲೆ, 1988ರಲ್ಲಿ ನಂದಿಬೆಟ್ಟದ ತಪ್ಪಲಿನಲ್ಲಿ ಗ್ರೋವರ್ ತೋಟ ಆರಂಭವಾಯಿತು.

ಕಲಬುರಗಿಯ ಬಿಸಿಲು ಕಂಡವರಿಗೆ ನಂದಿಯ ತಪ್ಪಲು ತಂಪೆನಿಸೀತು. ಫ್ರೆಂಚ್ ಬಳ್ಳಿಗೆ ಆ ಚಳಿಯೂ ಸಾಲದು. ತವರಿನಲ್ಲಿ ಅದು ಚಳಿಗಾಲವಿಡೀ ಎಲೆ ಉದುರಿಸಿ ಮಲಗುತ್ತದೆ. ಇಲ್ಲಿ ವರ್ಷವಿಡೀ ಚಿಗುರುತ್ತಲೇ ಇರುತ್ತದೆ. ಹಾಗಾಗಿ ವರ್ಷಕ್ಕೆ ಎರಡು ಬಾರಿ ಕತ್ತರಿ ಹಾಕಬೇಕು: ಕೊಯ್ಲಾದ ಮೇಲೆ ಒಮ್ಮೆ, ಮಳೆಗಾಲದ ಕೊನೆಗೆ ಮತ್ತೊಮ್ಮೆ. ಹಣ್ಣು ಮಾಗುವುದು ಒಣಹವೆಯ ಫೆಬ್ರುವರಿ–ಮಾರ್ಚ್‌ನಲ್ಲಿ.

1992ರಲ್ಲಿ ಮೊದಲ ವೈನ್ ಹೊರಬಂತು. ಮುಂದೆ ಬೋರ್ಡೊದ ಹೆಸರಾಂತ ತಜ್ಞ ಮಿಶೆಲ್ ರೋಲಾಂ ಸಲಹೆಗಾರರಾದರು. ಓಕ್ ಮರದ ಪೀಪಾಯಿಯಲ್ಲಿ ಪಕ್ವಗೊಂಡ ‘ಲಾ ರಿಸರ್ವ್’ ಕೆಂಪು ವೈನ್ ಹೆಸರು ತಂದಿತು. ಮಗ ಕಪಿಲ್ ಗ್ರೋವರ್ ಹೊಣೆ ಹೊತ್ತರು.

ಇಷ್ಟಾದರೂ ರಾಜ್ಯ ಸರ್ಕಾರ ವೈನಿಗೆಂದೇ ನೀತಿ ರೂಪಿಸಿದ್ದು 2007ರಲ್ಲಿ. ಮೊದಲ ಬಾಟಲಿ ಬಂದು ಆಗಲೇ ಹದಿನೈದು ವರ್ಷ! 2012ರಲ್ಲಿ ನಾಸಿಕ ಕಡೆಯ ಕಂಪನಿಯೊಂದರ ಜೊತೆ ವಿಲೀನವಾಗಿ ಸಂಸ್ಥೆ ‘ಗ್ರೋವರ್ ಜಂಪಾ’ ಆಯಿತು. ಮರುವರ್ಷ ಭೌಗೋಳಿಕ ಗುರುತಿನ ಮನ್ನಣೆ ದೊರೆತದ್ದು ಮಾತ್ರ ಆ ಸೀಮೆಯ ಹಳೆಯ ಬೆಂಗಳೂರು ನೀಲಿಗೆ.