ಬೆಳಗಾದರೆ ಕಿಟಕಿ ಗಾಜಿಗೆ ಹಕ್ಕಿಯ ಕುಕ್ಕಾಟ: ಕಾರಣವೇನು? ತಡೆಯುವುದು ಹೇಗೆ?

ಥಾಣೆ: ಬೆಳಗ್ಗೆ ಆರೂವರೆ. ಬೆಡ್‌ರೂಮ್ ಕಿಟಕಿಯ ಮೇಲೆ ಟಕ್, ಟಕ್, ಟಕ್. ಪರದೆ ಸರಿಸಿದರೆ ಗ್ರಿಲ್ ಮೇಲೆ ಕಪ್ಪು-ಬಿಳುಪಿನ ಪುಟ್ಟ ಹಕ್ಕಿ. ಓಡಿಸಿದರೆ ಹಾರಿಹೋಗುತ್ತದೆ. ಐದು ನಿಮಿಷ ಕಳೆದರೆ ಮತ್ತೆ ಅದೇ ಗಾಜು, ಅದೇ ಕುಕ್ಕಾಟ. ಒಂದೆರಡು ದಿನವಲ್ಲ, ವಾರಗಟ್ಟಲೆ. ಥಾಣೆಯ ಘೋಡ್‌ಬಂದರ್ ರಸ್ತೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬೈನ ಖಾರ್‌ಘರ್, ಬೇಲಾಪುರ, ನೆರೂಲ್ ಕಡೆ ಮರಗಿಡಗಳಿಗೆ ಮುಖ ಮಾಡಿದ ಫ್ಲ್ಯಾಟ್‌ಗಳಲ್ಲಿ ಇರುವವರಿಗೆ ಬೇಸಿಗೆಯಿಂದ ಮಳೆಗಾಲದವರೆಗೆ ಇದು ಹೊಸ ದೃಶ್ಯವೇನಲ್ಲ.

ಹಕ್ಕಿಗೆ ಹುಚ್ಚು ಹಿಡಿದಿದೆಯೇ? ಮನೆಯೊಳಗೆ ನುಗ್ಗಲು ನೋಡುತ್ತಿದೆಯೇ? ಅಪಶಕುನವೇ? ಮೂರೂ ಅಲ್ಲ. ಅದು ಜಗಳವಾಡುತ್ತಿರುವುದು ಗಾಜಿನಲ್ಲಿ ಕಾಣುವ ತನ್ನದೇ ಪ್ರತಿಬಿಂಬದ ಜೊತೆ.

ಸೋಲದ, ಓಡದ ಎದುರಾಳಿ

ಮೊಟ್ಟೆಯಿಡುವ ಕಾಲ ಬಂತೆಂದರೆ ಅನೇಕ ಹಕ್ಕಿಗಳು ಗೂಡಿನ ಸುತ್ತಲಿನ ಜಾಗವನ್ನು ತಮ್ಮದೆಂದು ಗುರುತಿಸಿಕೊಳ್ಳುತ್ತವೆ. ಅಲ್ಲಿಗೆ ಅದೇ ಜಾತಿಯ ಮತ್ತೊಂದು ಹಕ್ಕಿ ಬಂದರೆ ಸಹಿಸುವುದಿಲ್ಲ. ಮೊದಲು ಕೂಗಿ, ಬಾಲ ಕುಣಿಸಿ, ರೆಕ್ಕೆ ಬಿಚ್ಚಿ ಹೆದರಿಸುತ್ತವೆ. ಬಗ್ಗದಿದ್ದರೆ ಮೇಲೆರಗುತ್ತವೆ. ಈ ಕಾಲದಲ್ಲಿ ದೇಹದಲ್ಲಿ ಏರುವ ಹಾರ್ಮೋನ್‌ಗಳು ಅವುಗಳನ್ನು ಇನ್ನಷ್ಟು ಜಗಳಗಂಟ ಮಾಡುತ್ತವೆ.

ನಿಜವಾದ ಎದುರಾಳಿಯಾದರೆ ಒಂದೆರಡು ಏಟು ತಿಂದು ಓಡಿಹೋಗುತ್ತದೆ, ಜಗಳ ಅಲ್ಲಿಗೆ ಮುಗಿಯುತ್ತದೆ. ಗಾಜಿನೊಳಗಿನ ಹಕ್ಕಿ ಹಾಗಲ್ಲ. ಇದು ರೆಕ್ಕೆ ಬಿಚ್ಚಿದರೆ ಅದೂ ಬಿಚ್ಚುತ್ತದೆ, ಇದು ಕುಕ್ಕಿದರೆ ಅದೂ ಕುಕ್ಕುತ್ತದೆ. ದಣಿದು ಹೋಗಿ ಮತ್ತೆ ಬಂದಾಗಲೂ ಅದೇ ಜಾಗದಲ್ಲಿ ಸಿದ್ಧವಾಗಿ ನಿಂತಿರುತ್ತದೆ. ಹಾಗಾಗಿ ಜಗಳಕ್ಕೆ ಕೊನೆಯೇ ಇಲ್ಲ.

ಕನ್ನಡಿಯಲ್ಲಿರುವುದು ತಾನೇ ಎಂದು ಅರಿಯುವ ಸಾಮರ್ಥ್ಯ ಕಂಡುಬಂದಿರುವ ಪ್ರಾಣಿಗಳು ಕೆಲವೇ. ಚಿಂಪಾಂಜಿ, ಆನೆ, ಡಾಲ್ಫಿನ್‌ಗಳ ಹೆಸರು ಆ ಪಟ್ಟಿಯಲ್ಲಿದೆ. ಹಕ್ಕಿಗಳ ಪೈಕಿ ಯುರೋಪಿನ ಮ್ಯಾಗ್‌ಪೈ ಈ ಪರೀಕ್ಷೆಯಲ್ಲಿ ಗೆದ್ದಿತೆಂದು 2008ರಲ್ಲಿ ಪ್ರಕಟವಾದ ಜರ್ಮನಿಯ ಸಂಶೋಧನೆ ಹೇಳಿತ್ತು. ಅದು ಕಾಗೆಯ ಕುಟುಂಬಕ್ಕೆ ಸೇರಿದ ಹಕ್ಕಿ. ನಮ್ಮ ಕಿಟಕಿಗೆ ಬರುವ ಮ್ಯಾಗ್‌ಪೈ ರಾಬಿನ್‌ಗೂ ಅದಕ್ಕೂ ಹೆಸರಿನ ಹೊರತು ನಂಟಿಲ್ಲ.

ಊರಿನ ಹೆಂಚಿನ ಮನೆಯಲ್ಲಿ ಕಂಬಕ್ಕೆ ತೂಗುಹಾಕಿದ ಕನ್ನಡಿಯನ್ನು ಗುಬ್ಬಚ್ಚಿ ಕುಕ್ಕುತ್ತಿದ್ದುದನ್ನು ನೋಡಿದವರಿಗೆ ಇದು ಹೊಸದಲ್ಲ. ಆಗ ಮನೆಯ ಹಿರಿಯರು ಕನ್ನಡಿಯ ಮೇಲೊಂದು ಬಟ್ಟೆ ಹಾಕಿ ಸುಮ್ಮನಾಗುತ್ತಿದ್ದರು. ಪರಿಹಾರದ ಮೂಲ ಇಂದಿಗೂ ಅಷ್ಟೇ.

ಬೆಳಗಿನ ಹೊತ್ತೇ ಯಾಕೆ?

ಹೊರಗೆ ಬೆಳಕು, ಕೋಣೆಯೊಳಗೆ ಕತ್ತಲು ಇದ್ದಾಗ ಸಾದಾ ಗಾಜು ಕೂಡ ಕನ್ನಡಿಯಂತಾಗುತ್ತದೆ. ಬೆಳಗಿನ ಹೊತ್ತು ಇದಕ್ಕೆ ಹೇಳಿ ಮಾಡಿಸಿದ್ದು. ಹಕ್ಕಿಗಳು ಹಾಡಿ ತಮ್ಮ ಗಡಿ ಕಾಯುವುದೂ ಅದೇ ಹೊತ್ತಿನಲ್ಲಿ. ಹೊಸ ಕಟ್ಟಡಗಳ ಬಣ್ಣದ ಗಾಜು, ಬಿಸಿಲು ತಡೆಯಲು ಅಂಟಿಸುವ ಫಿಲ್ಮ್ ಪ್ರತಿಬಿಂಬವನ್ನು ಇನ್ನಷ್ಟು ಸ್ಪಷ್ಟವಾಗಿಸುತ್ತವೆ. ಕಿಟಕಿ ಗ್ರಿಲ್ ಕೂರಲು ಜಾಗ ಕೊಡುತ್ತದೆ. ಗ್ರಿಲ್‌ನಲ್ಲಿ ತುಳಸಿ, ದಾಸವಾಳದ ಕುಂಡಗಳಿದ್ದರೆ ಗಾಜಿನೊಳಗೂ ಒಂದು ಪುಟ್ಟ ತೋಟ ಕಾಣುತ್ತದೆ!

ಈ ಭಾಗದಲ್ಲಿ ಹಕ್ಕಿಗಳಿಗೆ ಕೊರತೆಯೂ ಇಲ್ಲ. ಥಾಣೆಗೆ ಹೊಂದಿಕೊಂಡೇ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಯೇವೂರು ಕಾಡಿದೆ, ಖಾರ್‌ಘರ್‌ನ ಬೆನ್ನಿಗೆ ಬೆಟ್ಟಗಳಿವೆ, ಖಾಡಿಯ ಉದ್ದಕ್ಕೂ ಕಾಂಡ್ಲಾ ಕಾಡು. ಕಿಟಕಿ ಕುಕ್ಕುವವರಲ್ಲಿ ಮುಖ್ಯವಾದುದು ಮಡಿವಾಳ ಹಕ್ಕಿ, ಅಂದರೆ ಮ್ಯಾಗ್‌ಪೈ ರಾಬಿನ್. ಮರಾಠಿಯಲ್ಲಿ ಇದು 'ದಯಾಳ್'. ಸೂರಕ್ಕಿ, ಪಿಕಳಾರ ಅಥವಾ ಬುಲ್‌ಬುಲ್, ಕಾಗೆಗಳೂ ಇದನ್ನೇ ಮಾಡುತ್ತವೆ. ದೊಡ್ಡ ಸದ್ದು ಮಾಡುವುದು ಕೆಂಬೂತ. ಮರಾಠಿಗರು ಇದನ್ನು 'ಭಾರದ್ವಾಜ' ಎನ್ನುತ್ತಾರೆ, ಕಂಡರೆ ಶುಭ ಎಂಬ ನಂಬಿಕೆಯಿದೆ. ದಿನವೂ ಬಂದು ಗಾಜು ಬಡಿಯುವಾಗ ಆ ಶುಭ ಎಷ್ಟು ದಿನ ಸಹನೀಯ ಎಂಬುದು ಬೇರೆ ಮಾತು.

ಹೀಗೆ ಕುಕ್ಕುವುದರಿಂದ ಹಕ್ಕಿ ಸಾಯುವುದು ಅಪರೂಪ. ಆದರೆ ನಷ್ಟ ಇಲ್ಲದಿಲ್ಲ. ಮರಿಗಳಿಗೆ ಹುಳು ತರಬೇಕಾದ ಹೊತ್ತು, ಶಕ್ತಿ ಎಲ್ಲವೂ ಗಾಜಿನ ಮುಂದೆ ಖರ್ಚಾಗುತ್ತದೆ. ಕೊಕ್ಕಿಗೆ ಪೆಟ್ಟಾಗಬಹುದು. ದಣಿದು ಕುಳಿತಾಗ ಬೆಕ್ಕಿನ ಕೈಗೆ ಸಿಗಬಹುದು.

ಒಳಗಿನ ಪರದೆ ಎಳೆದರೆ ಸಾಲದು

ಹೆಚ್ಚಿನವರು ಮೊದಲು ಮಾಡುವ ತಪ್ಪು ಇದು. ಪ್ರತಿಬಿಂಬ ಮೂಡುವುದು ಗಾಜಿನ ಹೊರಮೈಯಲ್ಲಿ. ಒಳಗೆ ಪರದೆ ಎಳೆದರೂ ಹೊರಗಿನ ಹಕ್ಕಿಗೆ ತನ್ನ ರೂಪ ಕಾಣುತ್ತಲೇ ಇರುತ್ತದೆ. ಗದ್ದಲ ಮಾಡಿ ಓಡಿಸುವುದೂ ವ್ಯರ್ಥ, ಗೂಡು ಪಕ್ಕದಲ್ಲೇ ಇರುವಾಗ ಅದು ಊರು ಬಿಟ್ಟು ಹೋಗುವುದಿಲ್ಲ.

ಗಾಜನ್ನು ಹೊರಗಿನಿಂದ ಮರೆಮಾಡುವುದೇ ಸರಿಯಾದ ದಾರಿ. ಗ್ರಿಲ್‌ಗೆ ಹಳೆಯ ಬೆಡ್‌ಶೀಟ್ ಅಥವಾ ನರ್ಸರಿಯಲ್ಲಿ ಸಿಗುವ ಹಸಿರು ಶೇಡ್ ನೆಟ್ ಬಿಗಿಯಾಗಿ ಕಟ್ಟಬಹುದು. ಇಡೀ ಕಿಟಕಿ ಮುಚ್ಚಬೇಕಿಲ್ಲ, ಹಕ್ಕಿ ಕುಕ್ಕುವ ಭಾಗ ಮರೆಯಾದರೆ ಸಾಕು. ಸೋಪಿನ ನೊರೆಯನ್ನು ಗಾಜಿನ ಹೊರಮೈಗೆ ಬಳಿದು ಒಣಗಲು ಬಿಟ್ಟರೆ ಗಾಜು ಮಂಕಾಗುತ್ತದೆ, ಖರ್ಚೇ ಇಲ್ಲ. ಆದರೆ ಜೂನ್ ಮಳೆ ಬಂದರೆ ತೊಳೆದುಹೋಗುತ್ತದೆ, ಮಳೆಗಾಲಕ್ಕೆ ನೆಟ್ ವಾಸಿ. ಸ್ಲೈಡಿಂಗ್ ಕಿಟಕಿಯಲ್ಲಿ ಸೊಳ್ಳೆ ಪರದೆಯ ಬಾಗಿಲು ಹೊರಗಿನ ಟ್ರ್ಯಾಕ್‌ನಲ್ಲಿದ್ದರೆ ಅದನ್ನೇ ಗಾಜಿನ ಮುಂದಕ್ಕೆ ಎಳೆದುಬಿಡಿ. ಒಳಗಿನ ಟ್ರ್ಯಾಕ್‌ನಲ್ಲಿದ್ದರೆ ಬೆಳಗಿನ ಹೊತ್ತು ಗಾಜು ಸರಿಸಿ ಜಾಲರಿ ಮಾತ್ರ ಇರಲಿ. ಎತ್ತರದ ಮಹಡಿಯಲ್ಲಿ ಗ್ರಿಲ್ ಇಲ್ಲದ ಕಿಟಕಿಯಿಂದ ಹೊರಗೆ ಬಾಗಿ ಏನನ್ನೂ ಅಂಟಿಸಲು ಹೋಗಬೇಡಿ.

ಪಾರಿವಾಳದ ಕಾಟಕ್ಕೆಂದು ಈಗಾಗಲೇ ನೈಲಾನ್ ಬಲೆ ಹಾಕಿಸಿದ್ದರೆ ಅದೊಂದೇ ಸಾಲದು, ತೆಳು ಬಲೆ ಪ್ರತಿಬಿಂಬವನ್ನು ಮರೆಮಾಡುವುದಿಲ್ಲ. ಜೋತುಬಿದ್ದ ಬಲೆಯಲ್ಲಂತೂ ಹಕ್ಕಿ ಸಿಕ್ಕಿಹಾಕಿಕೊಳ್ಳುವ ಅಪಾಯವಿದೆ. ಸೊಸೈಟಿ ಪಾರ್ಕಿಂಗ್‌ನಲ್ಲಿ ಕಾರು, ಬೈಕ್ ಕನ್ನಡಿಗೆ ಕುಕ್ಕುತ್ತಿದ್ದರೆ ಕನ್ನಡಿ ಮಡಚಿಡಿ, ಇಲ್ಲವೇ ಹಳೆಯ ಕಾಲುಚೀಲ ತೊಡಿಸಿ.

ಎಷ್ಟು ದಿನ? ಸಾಮಾನ್ಯವಾಗಿ ಕೆಲವು ವಾರ. ಮರಿಗಳು ಹಾರಿಹೋದ ಮೇಲೆ ಹಕ್ಕಿಯ ಸಿಟ್ಟೂ ಇಳಿಯುತ್ತದೆ. ಪೀಡೆ ಕಳೆಯಲೆಂದು ಗೂಡನ್ನೇ ಕಿತ್ತು ಹಾಕುವುದು ಮಾತ್ರ ತಪ್ಪು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡು ಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದು, ಗೂಡು ಕದಡುವುದು ಕೂಡ 'ಬೇಟೆ'ಯ ವ್ಯಾಖ್ಯೆಯೊಳಗೆ ಬರುತ್ತದೆ.

ವೇಗವಾಗಿ ಬಂದು ಬಡಿದರೆ ಕತೆ ಬೇರೆ

ಕುಕ್ಕುವುದು ಒಂದು, ಹಾರುತ್ತಾ ಬಂದು ಢಿಕ್ಕಿ ಹೊಡೆಯುವುದು ಇನ್ನೊಂದು. ಎರಡನೆಯದರಲ್ಲಿ ಹಕ್ಕಿಗೆ ಗಾಜು ಕಾಣುವುದೇ ಇಲ್ಲ. ಅದರಲ್ಲಿ ಮೂಡಿದ ಮರ, ಆಕಾಶವನ್ನು ನಿಜವೆಂದು ನಂಬಿ ನುಗ್ಗುತ್ತದೆ. ಈ ವಿಷಯವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಪಕ್ಷಿತಜ್ಞ ಡೇನಿಯಲ್ ಕ್ಲೆಮ್ ಅವರ ಪ್ರಕಾರ ಹೀಗೆ ಬಡಿದ ಹಕ್ಕಿಗಳಲ್ಲಿ ಸುಮಾರು ಅರ್ಧದಷ್ಟು ಸಾಯುತ್ತವೆ. ಅಮೆರಿಕ ಒಂದರಲ್ಲೇ ವರ್ಷಕ್ಕೆ 36.5 ಕೋಟಿಯಿಂದ 98.8 ಕೋಟಿ ಹಕ್ಕಿಗಳು ಕಟ್ಟಡಗಳಿಗೆ ಬಡಿದು ಸಾಯುತ್ತವೆ ಎಂದು 2014ರ ಅಧ್ಯಯನ ಅಂದಾಜಿಸಿದೆ.

ನಮ್ಮ ಭಾಗದಲ್ಲಿ ಇದಕ್ಕೆ ಮುಖ್ಯವಾಗಿ ಬಲಿಯಾಗುವವು ಮಳೆಯ ಜೊತೆ ಬರುವ ಎರಡು ಬಣ್ಣದ ಹಕ್ಕಿಗಳು. ಒಂದು ನವರಂಗ, ಮರಾಠಿಯಲ್ಲೂ ಇದೇ ಹೆಸರು. ಚಳಿಗಾಲವನ್ನು ದಕ್ಷಿಣ ಭಾರತ, ಶ್ರೀಲಂಕಾದಲ್ಲಿ ಕಳೆದು ಮೇ-ಜೂನ್ ವೇಳೆಗೆ ಉತ್ತರದತ್ತ ಸಾಗುತ್ತದೆ. ಇನ್ನೊಂದು ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ, ಮೂರೇ ಬೆರಳಿನ ಮಿಂಚುಳ್ಳಿ. ಮರಾಠಿಯಲ್ಲಿ 'ತಿಬೋಟಿ ಖಂಡ್ಯಾ'. ಮಳೆ ಶುರುವಾಗುತ್ತಲೇ ಗೂಡು ಮಾಡಲು ಕೊಂಕಣದ ಕಾಡುಗಳಿಗೆ ಬರುತ್ತದೆ. ಎರಡೂ ಹೆಚ್ಚಾಗಿ ರಾತ್ರಿ ಪ್ರಯಾಣಿಸುತ್ತವೆ. ದಣಿದು, ನಗರದ ದೀಪಗಳಿಗೆ ದಿಕ್ಕು ತಪ್ಪಿ ಕಟ್ಟಡಗಳ ನಡುವೆ ಇಳಿಯುತ್ತವೆ.

ಇಂಥ ಢಿಕ್ಕಿ ತಪ್ಪಿಸಲು ಗಾಜಿನ ಹೊರಮೈಯಲ್ಲಿ ಚುಕ್ಕಿ ಅಥವಾ ಗೆರೆಗಳಿರಬೇಕು, ಅವುಗಳ ನಡುವಿನ ಅಂತರ 5 ಸೆಂ.ಮೀ. ಮೀರಬಾರದು. ಗಾಜಿಗೊಂದರಂತೆ ಗಿಡುಗದ ಸ್ಟಿಕ್ಕರ್ ಅಂಟಿಸಿದರೆ ಪ್ರಯೋಜನವಿಲ್ಲ, ಹಕ್ಕಿ ಅದರ ಪಕ್ಕದ ಖಾಲಿ ಜಾಗಕ್ಕೆ ಬಡಿಯುತ್ತದೆ. ಶಿಕಾಗೋದ ಮೆಕಾರ್ಮಿಕ್ ಪ್ಲೇಸ್ ಸಭಾಂಗಣಕ್ಕೆ ಬಡಿದು 2023ರ ಅಕ್ಟೋಬರ್‌ನಲ್ಲಿ ಒಂದೇ ದಿನ ಸಾವಿರದ ಸಮೀಪ ಹಕ್ಕಿಗಳು ಸತ್ತಿದ್ದವು. ಮರುವರ್ಷ ಗಾಜಿಗೆ ಚುಕ್ಕಿ ಹಾಕಿಸಿದ ಮೇಲೆ ಸಾವು ಬಹುಪಾಲು ನಿಂತಿತು. ಮೇ ಕೊನೆಯಿಂದ ಜೂನ್‌ವರೆಗೆ ರಾತ್ರಿ ಟೆರೇಸ್, ಲಾಬಿಯ ಅನಗತ್ಯ ದೀಪ ಆರಿಸುವುದು ಸೊಸೈಟಿಗಳ ಕೈಯಲ್ಲೇ ಇದೆ.

ಬಡಿದು ಬಿದ್ದ ಹಕ್ಕಿ ಸಿಕ್ಕರೆ

ಕಾಗೆಗಳು ಬರುವ ಮೊದಲು ಎತ್ತಿಕೊಳ್ಳಿ. ಮೆತ್ತನೆಯ ಬಟ್ಟೆಯಲ್ಲಿ ಹಿಡಿದು, ಗಾಳಿಯಾಡಲು ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿಟ್ಟು ಮುಚ್ಚಿ, ಕತ್ತಲೆಯ ಶಾಂತ ಜಾಗದಲ್ಲಿಡಿ. ಬಾಯಿಗೆ ನೀರು ಹನಿಸಬೇಡಿ, ಅನ್ನ, ಬಿಸ್ಕೆಟ್ ಬೇಡವೇ ಬೇಡ. ಮಕ್ಕಳಿಗೆ ತೋರಿಸಲು, ಫೋಟೊ ತೆಗೆಯಲು ಪದೇ ಪದೇ ತೆರೆಯಬೇಡಿ. ಒಂದೆರಡು ಗಂಟೆಯಲ್ಲಿ ಡಬ್ಬಿಯೊಳಗೆ ಓಡಾಟದ ಸದ್ದು ಕೇಳಿದರೆ, ಹಗಲಾಗಿದ್ದರೆ, ಮರಗಳಿರುವ, ಕಾಗೆಗಳಿಲ್ಲದ ಕಡೆ ಮುಚ್ಚಳ ತೆರೆದು ನಿಲ್ಲಿ. ತಾನಾಗಿ ಹಾರಿಹೋಗಲಿ, ಮೇಲಕ್ಕೆ ಎಸೆಯಬೇಡಿ. ಹಾರಲಾಗದಿದ್ದರೆ, ರೆಕ್ಕೆ ಜೋತುಬಿದ್ದಿದ್ದರೆ, ರಕ್ತ ಕಂಡರೆ ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಚೇತರಿಸಿಕೊಂಡ ನವರಂಗ ಎಷ್ಟೇ ಚೆಂದ ಕಂಡರೂ ಪಂಜರದಲ್ಲಿ ಇಟ್ಟುಕೊಳ್ಳುವುದು ಕಾನೂನುಬಾಹಿರ.