ಅಮ್ಮನ ಮಾತ್ರೆ ಮತ್ತು 870 ಕುರಿಗಳು

ನಮ್ಮಮ್ಮನ ದಿನ ಶುರುವಾಗುವುದು ಒಂದು ಪುಟ್ಟ ಬಿಳಿ ಮಾತ್ರೆಯಿಂದ. ಎದ್ದು ಮುಖ ತೊಳೆದು, ಖಾಲಿ ಹೊಟ್ಟೆಯಲ್ಲಿ ಅದನ್ನು ನುಂಗಿ, ಗಡಿಯಾರ ನೋಡುತ್ತಾ ಕಾಫಿಗೆ ಅರ್ಧ ಗಂಟೆ ಕಾಯುತ್ತಾಳೆ. ಆ ಅರ್ಧ ಗಂಟೆ ಅವಳಿಗೆ ದೊಡ್ಡ ಶಿಕ್ಷೆ :-)

ಈ ಮಾತ್ರೆ ಬರುವ ಮೊದಲು ಸುಮಾರು ಎರಡು ವರ್ಷ, ಅಮ್ಮನಿಗೆ ಸೋಮಾರಿತನ ಅಂತ ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿಬಿಟ್ಟಿದ್ದೆವು. ಏಪ್ರಿಲ್ ಬಿಸಿಲಲ್ಲೂ ಸ್ವೆಟರ್ ಹಾಕಿಕೊಂಡು ಕೂರುವುದು, ಒಲೆಯ ಮೇಲೆ ಹಾಲಿಟ್ಟು ಮರೆಯುವುದು, ನೆಂಟರು ಬಂದರೆ ಒಳಗೆ ಹೋಗಿ ಮಲಗುವುದು... ಫೋನಿನಲ್ಲಿ ದನಿ ಕೂಡ ಒರಟಾಗಿ, ಎಳೆದೆಳೆದು ಬರುತ್ತಿತ್ತು. "ಸ್ವಲ್ಪ ಓಡಾಡಮ್ಮ, ಎಲ್ಲ ಸರಿಹೋಗುತ್ತೆ" ಅಂತ ನಾನೇ ಎಷ್ಟು ಸಲ ರೇಗಿದ್ದೇನೋ. ಕೊನೆಗೆ ಊರಿಂದ ಬಂದ ಚಿಕ್ಕಮ್ಮ "ಇದೇನೇ ಅಕ್ಕ, ಮುಖ ಹೀಗೆ ಊದಿಕೊಂಡಿದೆ?" ಅಂತ ಗಾಬರಿಯಾಗಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಒಂದು ರಕ್ತಪರೀಕ್ಷೆ, ಅಷ್ಟೆ. ಥೈರಾಯ್ಡ್ ಕಡಿಮೆ. ಮಾತ್ರೆ ಶುರುಮಾಡಿ ಮೂರ್ನಾಲ್ಕು ತಿಂಗಳಿಗೆ ನಮ್ಮ ಹಳೇ ಅಮ್ಮ ವಾಪಸ್ ಬಂದಳು.

ನನ್ನ ಪಶ್ಚಾತ್ತಾಪ ಮಾತ್ರ ಹೋಗಲಿಲ್ಲ. ಈ ಗ್ರಂಥಿಯ ಕಥೆಯಾದರೂ ಏನು ಅಂತ ಓದಲು ಕೂತೆ. ಓದಿದ್ದನ್ನು ನಿಮಗೂ ಹೇಳಬೇಕು ಅನ್ನಿಸಿತು.

ಕಥೆ ಶುರುವಾಗುವುದು ಸ್ವಿಟ್ಜರ್ಲೆಂಡಿನಲ್ಲಿ. ಅಲ್ಲಿನ ಬೆಟ್ಟಸೀಮೆಯ ಮಣ್ಣಿನಲ್ಲಿ ಅಯೋಡಿನ್ ಕಡಿಮೆ. ಹಾಗಾಗಿ ಆಗೆಲ್ಲ ಊರೂರಲ್ಲೂ ಗಳಗಂಡ. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಊದಿ ಊದಿ ಕೆಲವರಿಗೆ ಉಸಿರೇ ಕಟ್ಟುತ್ತಿತ್ತು. ಅದನ್ನು ಕತ್ತರಿಸಿ ತೆಗೆಯುವುದರಲ್ಲಿ ಎತ್ತಿದ ಕೈ ಅಂದರೆ ಬರ್ನ್ ನಗರದ ಸರ್ಜನ್ ಥಿಯೋಡೋರ್ ಕೋಕರ್. ರಕ್ತ ಸೋರದಂತೆ, ನಿಧಾನವಾಗಿ, ಶುಚಿಯಾಗಿ ಕೆಲಸ ಮಾಡುವ ಮನುಷ್ಯ. ಆದರೆ ಆ ಗ್ರಂಥಿ ಮೈಯಲ್ಲಿ ಏನು ಕೆಲಸ ಮಾಡುತ್ತದೆ ಅಂತ ಅವನಿಗೂ ಗೊತ್ತಿರಲಿಲ್ಲ, ಬೇರೆಯವರಿಗೂ ಗೊತ್ತಿರಲಿಲ್ಲ. ಹಾಗಾಗಿ ಪೂರ್ತಿ ತೆಗೆದರೂ ನಷ್ಟವಿಲ್ಲ ಅಂದುಕೊಂಡಿದ್ದರು.

1874ರಲ್ಲಿ 11 ವರ್ಷದ ಹುಡುಗಿಯೊಬ್ಬಳಿಗೆ ಕೋಕರ್ ಆಪರೇಷನ್ ಮಾಡಿದ. ಗಾಯ ಚೆನ್ನಾಗಿ ಮಾಯಿತು. ಸ್ವಲ್ಪ ದಿನಕ್ಕೆ ಅವಳನ್ನು ಕಳಿಸಿಕೊಟ್ಟಿದ್ದ ವೈದ್ಯರಿಂದ ತಿಳಿದುಬಂತು: ಹುಡುಗಿ ಮೊದಲಿನಂತಿಲ್ಲ, ಮಂಕಾಗಿದ್ದಾಳೆ. ಆಗ ಅದು ದೊಡ್ಡ ವಿಷಯ ಅನ್ನಿಸಲಿಲ್ಲವೋ ಏನೋ. 1882ರಲ್ಲಿ ಜಿನೀವಾದ ಸರ್ಜನ್ ರೆವರ್ಡಿನ್ ತನ್ನ ರೋಗಿಗಳಲ್ಲೂ ಇಂಥದ್ದೇ ಕಂಡಿದ್ದೇನೆ ಅಂದಾಗ ಕೋಕರ್‌ಗೆ ಎದೆ ಧಸಕ್ಕೆಂದಿರಬೇಕು. ಹಳೆಯ ರೋಗಿಗಳಿಗೆಲ್ಲ ಹೇಳಿಕಳಿಸಿದ. ಗ್ರಂಥಿ ಪೂರ್ತಿ ತೆಗೆಸಿಕೊಂಡಿದ್ದವರಲ್ಲಿ 18 ಜನ ಪರೀಕ್ಷೆಗೆ ಸಿಕ್ಕರು. ಅವರಲ್ಲಿ 16 ಜನರಿಗೆ ಊದಿದ ಮುಖ, ತಣ್ಣಗಿನ ಮೈ, ನಿಧಾನವಾದ ಮಾತು, ಮಂದವಾದ ಬುದ್ಧಿ. ಆ ಹುಡುಗಿಯ ತಂಗಿ ಅಕ್ಕನನ್ನು ಮೀರಿ ಬೆಳೆದು ನಿಂತಿದ್ದಳು. ಮೊದಲು ಯಾರು ಯಾರೆಂದು ಜನ ಗುರುತು ತಪ್ಪುವಷ್ಟು ಒಂದೇ ಥರ ಇದ್ದ ಅಕ್ಕ-ತಂಗಿ.

1883ರಲ್ಲಿ ಕೋಕರ್ ಇದನ್ನೆಲ್ಲ ಸರ್ಜನ್ನರ ಸಭೆಯ ಮುಂದೆ ಇಟ್ಟ. ಅವನು ಊಹಿಸಿದ ಕಾರಣ ತಪ್ಪಾಗಿತ್ತು, ಶ್ವಾಸನಾಳಕ್ಕೆ ಪೆಟ್ಟಾಗಿ ಹೀಗಾಗಿದೆ ಅಂದುಕೊಂಡಿದ್ದ. ಆದರೆ ಲೆಕ್ಕ ಮುಚ್ಚಿಡಲಿಲ್ಲ. ನನ್ನ ಕೈಯಿಂದಲೇ ಇಷ್ಟು ಜನ ಹಾಳಾದರು ಅಂತ ಹೇಳಿಕೊಳ್ಳುವುದು ಆಗಲೂ ಸುಲಭವಿರಲಿಲ್ಲ, ಈಗಲೂ ಅಲ್ಲ. ಮುಂದೆ ಥೈರಾಯ್ಡ್ ಮೇಲಿನ ಕೆಲಸಕ್ಕೆ 1909ರಲ್ಲಿ ಅವನಿಗೆ ನೊಬೆಲ್ ಬಂತು.

ಇತ್ತ ಇಂಗ್ಲೆಂಡಿನಲ್ಲಿ ಇನ್ನೊಂದು ಒಗಟು. ಆಪರೇಷನ್ನೇ ಆಗದ ನಡುವಯಸ್ಸಿನ ಹೆಂಗಸರು ಇದೇ ಥರ ಊದಿಕೊಂಡು ಮಂಕಾಗುವುದನ್ನು ವಿಲಿಯಂ ಗಲ್ 1873ರಲ್ಲೇ ಬರೆದಿದ್ದ. 1878ರಲ್ಲಿ ಅದಕ್ಕೆ ಮಿಕ್ಸೆಡೀಮಾ ಅಂತ ಹೆಸರೂ ಬಂದಿತ್ತು. ಅದೂ ಇದೂ ಒಂದೇ, ಎರಡಕ್ಕೂ ಮೂಲ ಥೈರಾಯ್ಡ್ ಇಲ್ಲದಿರುವುದೇ ಅಂತ 1883ರಲ್ಲಿ ಫೆಲಿಕ್ಸ್ ಸೆಮನ್ ಹೇಳಿದಾಗ ಲಂಡನ್ನಿನ ವೈದ್ಯರು ನಂಬಲಿಲ್ಲ. ಸಮಿತಿ ಮಾಡಿದರು (ಸಮಿತಿ ಮಾಡುವುದು ನಮ್ಮವರಷ್ಟೇ ಅಲ್ಲ ನೋಡಿ!). ವಿಕ್ಟರ್ ಹಾರ್ಸ್ಲಿ ಕೋತಿಗಳ ಥೈರಾಯ್ಡ್ ತೆಗೆದು ನೋಡಿದ. ಕೊನೆಗೆ 1888ರಲ್ಲಿ ಸಮಿತಿ ಸೆಮನ್ ಹೇಳಿದ್ದೇ ಸರಿ ಅಂದಿತು.

ಸರಿ, ಇಲ್ಲದ್ದನ್ನು ತಂದುಕೊಡುವುದು ಹೇಗೆ? 1890ರಲ್ಲಿ ಲಿಸ್ಬನ್ನಿನ ಇಬ್ಬರು ವೈದ್ಯರು ಕುರಿಯ ಥೈರಾಯ್ಡಿನ ತುಂಡನ್ನು ರೋಗಿಯ ಚರ್ಮದಡಿ ಇಟ್ಟು ಹೊಲಿದರು. ಮರುದಿನದಿಂದಲೇ ಗುಣ ಕಂಡಿತು. ಹಾರ್ಸ್ಲಿಯ ಶಿಷ್ಯ, ನ್ಯೂಕಾಸಲ್‌ನ ಜಾರ್ಜ್ ಮರ್ರೆ ಇಲ್ಲಿ ಒಂದು ಸೂಕ್ಷ್ಮ ಗಮನಿಸಿದ. ಒಂದೇ ದಿನದಲ್ಲಿ ಆ ತುಂಡು ಮೈಗೆ ಕೂಡಿಕೊಂಡಿರಲು ಸಾಧ್ಯವಿಲ್ಲ. ಅಂದರೆ ಕೆಲಸ ಮಾಡಿದ್ದು ಅದರ ರಸ! ಹಾಗಾದರೆ ಆ ರಸವನ್ನೇ ಚುಚ್ಚಿದರೆ? ಊರಿನ ವೈದ್ಯರ ಸಭೆಯಲ್ಲಿ ಹೇಳಿದ್ದಕ್ಕೆ ಹಿರಿಯರೊಬ್ಬರು ಗೇಲಿ ಮಾಡಿದರು. ಮರ್ರೆ ಬಿಡಲಿಲ್ಲ. ಆಗಷ್ಟೇ ಕಡಿದ ಕುರಿಯ ಗ್ರಂಥಿಯನ್ನು ಚೂರು ಮಾಡಿ, ಗ್ಲಿಸರಿನ್‌ನಲ್ಲಿ ಒಂದು ದಿನ ನೆನೆಸಿ, ಕುದಿಸಿದ ಕರವಸ್ತ್ರದಲ್ಲಿ ಹಿಂಡಿ ಸೋಸಿದ. ಮನೆಯಲ್ಲಿ ಕಾಯಿಹಾಲು ಹಿಂಡುವ ಹಾಗೆ!

1891ರ ಏಪ್ರಿಲ್‌ನಲ್ಲಿ 46 ವರ್ಷದ ಹೆಂಗಸೊಬ್ಬಳಿಗೆ ಅದನ್ನು ಚುಚ್ಚಲು ಶುರುಮಾಡಿದ. ಅವಳ ತೊಂದರೆಗಳ ಬಗ್ಗೆ ಅವನು ಬರೆದದ್ದನ್ನು ಓದುತ್ತಾ ನಾನು ಅಲ್ಲೇ ನಿಂತುಬಿಟ್ಟೆ: ಆಯಾಸ, ಚಳಿ ತಡೆಯಲಾಗದು, ನಿಧಾನವಾದ ಮಾತು, ಹೊಸಬರನ್ನು ನೋಡಲು ಮನಸ್ಸಿಲ್ಲ. ನೆಂಟರು ಬಂದಾಗ ಒಳಗೆ ಹೋಗಿ ಮಲಗುತ್ತಿದ್ದ ಅಮ್ಮ ನೆನಪಾದಳು. ನಾವು ಸ್ವಭಾವ ಅಂದುಕೊಂಡದ್ದು ರೋಗಲಕ್ಷಣ ಅಂತ ನೂರಕ್ಕೂ ಹೆಚ್ಚು ವರ್ಷದ ಹಿಂದೆಯೇ ಒಬ್ಬ ಬರೆದಿಟ್ಟಿದ್ದ.

ಮೂರು ತಿಂಗಳಿಗೆ ಆ ಹೆಂಗಸಿನ ಊತ ಇಳಿದು, ಮಾತು ಚುರುಕಾಯಿತು. ಮರುವರ್ಷ, 1892ರಲ್ಲಿ, ಚುಚ್ಚುವುದೇ ಬೇಡ, ತಿಂದರೂ ಸಾಕು ಅಂತ ಗೊತ್ತಾಯಿತು. ಅವಳು ಇನ್ನೂ 28 ವರ್ಷ ಬದುಕಿ, 74ನೇ ವಯಸ್ಸಿನಲ್ಲಿ ತೀರಿಕೊಂಡಳು. ಅಷ್ಟು ವರ್ಷಕ್ಕೆ 870ಕ್ಕೂ ಹೆಚ್ಚು ಕುರಿಗಳ ಥೈರಾಯ್ಡ್ ಬೇಕಾಯಿತು ಅಂತ ಮರ್ರೆ 1920ರಲ್ಲಿ ಲೆಕ್ಕ ಕೊಟ್ಟ. ಇಂಥ ರಸಗಳಿಗೆ 'ಹಾರ್ಮೋನ್' ಅನ್ನುವ ಹೆಸರು ಬಂದದ್ದೇ 1905ರಲ್ಲಿ, ಸ್ಟಾರ್ಲಿಂಗ್‌ನಿಂದ. ಹೆಸರಿಡುವ ಮೊದಲೇ ಮದ್ದು ಸಿಕ್ಕಿತ್ತು!

ಈ ಕಥೆಯನ್ನು ಅಮ್ಮನಿಗೆ ಹೇಳಿದೆ. ಕುರಿ ಅಂದಿದ್ದೇ ತಡ, ನಮ್ಮ ಶುದ್ಧ ಸಸ್ಯಾಹಾರಿ ಅಮ್ಮ ಮಾತ್ರೆ ಬಾಟಲಿ ಕೆಳಗಿಟ್ಟು "ಅಯ್ಯೋ ರಾಮ, ಇದರಲ್ಲಿ ಕುರಿ ಇದೆಯೇನೋ?" ಅಂದಳು. ಇಲ್ಲಮ್ಮ, 1914ರ ಕ್ರಿಸ್‌ಮಸ್ ದಿನ ಅಮೆರಿಕದಲ್ಲಿ ಕೆಂಡಾಲ್ ಅದರ ಸಾರವಾದ ಥೈರಾಕ್ಸಿನ್ನನ್ನು ಬೇರ್ಪಡಿಸಿದ, 1927ರಲ್ಲಿ ಹ್ಯಾರಿಂಗ್ಟನ್ ಮತ್ತು ಬಾರ್ಜರ್ ಅದನ್ನು ಲ್ಯಾಬಿನಲ್ಲೇ ತಯಾರಿಸಿದರು, ನಿನ್ನ ಮಾತ್ರೆಯಲ್ಲಿರುವುದು ಹಾಗೆ ತಯಾರಿಸಿದ್ದೇ ಅಂತ ಸಮಾಧಾನ ಮಾಡಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಆ ಹುಡುಗಿ ಏನಾದಳೋ? ಅವಳಿಗೆ ಈ ಮಾತ್ರೆ ಸಿಗಲಿಲ್ವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅರ್ಧ ಗಂಟೆ ಆಗಿತ್ತು, ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದೆ.